ಎಡಗಡೆ ಸೀಟಿನ ಶಾಲೆ: ಅನುಭವವಿಲ್ಲದ ಹುಡುಗರು ಲಾರಿ ಡ್ರೈವರ್ ಆದದ್ದು ಹೇಗೆ?

ಕಳೆದ ತಿಂಗಳು ಊರಿಗೆ ಹೋದಾಗ ಪಕ್ಕದ ಮನೆಯ ಹುಡುಗ ಸಿಕ್ಕಿದ. ವಯಸ್ಸು 21. ಹೆವಿ ಲೈಸೆನ್ಸ್ ಕೈಗೆ ಬಂದು ನಾಲ್ಕು ತಿಂಗಳಾಗಿದೆ. ಹಿರಿಯೂರು, ಚಿತ್ರದುರ್ಗ, ದಾವಣಗೆರೆ ಎಂದು ಟ್ರಾನ್ಸ್‌ಪೋರ್ಟ್ ಆಫೀಸುಗಳನ್ನೆಲ್ಲ ಸುತ್ತಿ ಬಂದಿದ್ದ. ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಲೈನ್ ಮೇಲೆ ಎಷ್ಟು ವರ್ಷ ಓಡಿಸಿದ್ದೀಯಪ್ಪಾ?"

"ಅಣ್ಣಾ, ಗಾಡಿ ಕೊಟ್ರೆ ತಾನೆ ಅನುಭವ ಬರೋದು? ಅನುಭವ ಇದ್ರೆ ಮಾತ್ರ ಗಾಡಿ ಕೊಡ್ತೀವಿ ಅಂತಾರೆ. ನಾನು ಎಲ್ಲಿಂದ ಶುರು ಮಾಡ್ಲಿ?" ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. 32 ವರ್ಷ ಲಾರಿ ಓಡಿಸಿದ ನಮ್ಮ ಸೋದರಮಾವನ ಬಳಿ ಅವನನ್ನು ಕರೆದುಕೊಂಡು ಹೋದೆ. ಮಾವ ಕೇಳಿ ನಕ್ಕರು. "ನಮ್ಮನ್ನ ಯಾರೂ ಅನುಭವ ಕೇಳಲಿಲ್ಲ ಕಣೋ. ಮೊದಲ ದಿನ ಕೈಗೆ ಬಕೆಟ್ ಕೊಟ್ರು, ಲಾರಿ ತೊಳಿ ಅಂದ್ರು."

ಆ ಮಾತು ಹಿಡಿದುಕೊಂಡು ಹಿಂದಕ್ಕೆ ಹೋದರೆ ಒಂದು ದೊಡ್ಡ ಕತೆ ಸಿಗುತ್ತದೆ. ಏನೂ ಗೊತ್ತಿಲ್ಲದ ಹುಡುಗನನ್ನು ಡ್ರೈವರ್ ಮಾಡಲು ಖರ್ಚಿದೆ. ಡೀಸೆಲ್, ಸಮಯ, ಸವೆಯುವ ಕ್ಲಚ್ ಪ್ಲೇಟು, ಆಗಬಹುದಾದ ಅಪಘಾತ, ಎಲ್ಲವೂ ಅದರಲ್ಲೇ ಸೇರುತ್ತದೆ. ಕಾಲಕಾಲಕ್ಕೆ ಆ ಖರ್ಚನ್ನು ಯಾರು ಹೊತ್ತರು ಎಂಬುದೇ ಈ ಕತೆ.

ಕಾನೂನು ಹೇಳಿದ್ದು

ನಮ್ಮ ದೇಶದಲ್ಲಿ ಮೋಟಾರು ವಾಹನ ಕಾಯ್ದೆ ಬಂದದ್ದು 1914ರಲ್ಲಿ. 18 ತುಂಬದವರು ರಸ್ತೆಯಲ್ಲಿ ಗಾಡಿ ಓಡಿಸಬಾರದು ಎಂದು ಆಗಲೇ ಬರೆದಿದ್ದರು. 1939ರ ಕಾಯ್ದೆ ಇನ್ನೊಂದು ಮೆಟ್ಟಿಲು ಸೇರಿಸಿತು. ಬಾಡಿಗೆ ಲಾರಿ, ಬಸ್ಸಿನಂಥ ಸಾರಿಗೆ ವಾಹನ ಓಡಿಸಲು 20 ತುಂಬಿರಬೇಕು ಎಂದಿತು. 1988ರ ಕಾಯ್ದೆಯೂ ಅದೇ 20ನ್ನು ಉಳಿಸಿಕೊಂಡಿತು. ಜೊತೆಗೆ, ಸಾರಿಗೆ ವಾಹನದ ಎಲ್‌ಎಲ್‌ಆರ್ ಬೇಕಾದರೆ ಅದಕ್ಕೂ ಮೊದಲು ಕನಿಷ್ಠ ಒಂದು ವರ್ಷ ಲಘು ವಾಹನದ ಲೈಸೆನ್ಸ್ ಇರಬೇಕು ಎಂದಿತು.

ಕಾನೂನು ವಯಸ್ಸನ್ನು ಹೇಳಿತು, ಪರೀಕ್ಷೆಯನ್ನು ಹೇಳಿತು. ಬಡವರ ಮನೆಯ ಹುಡುಗ ಕಲಿಯುವುದಕ್ಕೆ ಲಾರಿ ಎಲ್ಲಿಂದ ತರಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ರಸ್ತೆಯೇ ಹುಡುಕಿಕೊಂಡಿತು.

ಮೊದಲ ಬಾಗಿಲು: ಮಿಲಿಟರಿ

ಎರಡನೇ ಮಹಾಯುದ್ಧದ ಹೊತ್ತಿಗೆ ಸೈನ್ಯ ಕುದುರೆ ಬಿಟ್ಟು ಮೋಟಾರಿಗೆ ತಿರುಗಿತ್ತು. ಅದಕ್ಕೆ ಡ್ರೈವರುಗಳು ಬೇಕಾದರು. ಎತ್ತಿನ ಗಾಡಿ ಬಿಟ್ಟರೆ ಬೇರೇನೂ ಹೊಡೆಯದ ಹಳ್ಳಿಯ ಹುಡುಗರಿಗೆ ಸೈನ್ಯವೇ ಸ್ಟೇರಿಂಗ್ ಹಿಡಿಯುವುದನ್ನು ಕಲಿಸಿತು. ಕಲಿಯುವಾಗ ಸಂಬಳವನ್ನೂ ಕೊಟ್ಟಿತು.

1945ರಲ್ಲಿ ಯುದ್ಧ ಮುಗಿಯಿತು. ಮಿಲಿಟರಿಗೆ ಬೇಡವಾದ ಲಾರಿಗಳು ಹರಾಜಿಗೆ ಬಂದವು, ಕೆಲಸ ಮುಗಿದ ಸೈನಿಕರು ಊರಿಗೆ ಬಂದರು. ಓಡಿಸಲು ಬಲ್ಲವರೂ ಲಾರಿಗಳೂ ಒಟ್ಟಿಗೇ ಸಿಕ್ಕ ಕಾಲ ಅದು. ಈ ಪೀಳಿಗೆಯವರು ಕಲಿತ ಖರ್ಚನ್ನು ಸರ್ಕಾರ ಹೊತ್ತಿತ್ತು.

ಎರಡನೇ ಬಾಗಿಲು: ಕ್ಲೀನರ್ ಸೀಟು

ಸ್ವಾತಂತ್ರ್ಯದ ನಂತರ ಲಾರಿಗಳು ಇಲ್ಲೇ ತಯಾರಾಗತೊಡಗಿದವು. 1954ರಲ್ಲಿ ಜಮ್ಶೆಡ್‌ಪುರದ ಟೆಲ್ಕೊ ಕಂಪನಿ ಜರ್ಮನಿಯ ಬೆಂಜ್ ಕಂಪನಿಯ ಜೊತೆ ಸೇರಿ ಲಾರಿ ಮಾಡಿತು. ಹಳಬರು ಇವತ್ತಿಗೂ "ಬೆಂಜ್ ಲಾರಿ" ಅನ್ನುವುದು ಅದಕ್ಕೇ. 1955ರಲ್ಲಿ ಮದ್ರಾಸಿನ ಅಶೋಕ್ ಮೋಟಾರ್ಸ್ ಇಂಗ್ಲೆಂಡಿನ ಲೇಲ್ಯಾಂಡ್ ಜೊತೆ ಸೇರಿ ಅಶೋಕ್ ಲೇಲ್ಯಾಂಡ್ ಆಯಿತು. ಒಂದೇ ಒಂದು ಲಾರಿ ಇಟ್ಟುಕೊಂಡ ಮಾಲೀಕರು ಊರೂರಲ್ಲಿ ಹುಟ್ಟಿಕೊಂಡರು. ಇವತ್ತು ಎಲ್ಲರೂ ಬಲ್ಲ ವಿಜಯ ಸಂಕೇಶ್ವರ ಅವರೂ 1976ರಲ್ಲಿ ಗದಗದಲ್ಲಿ ಶುರು ಮಾಡಿದ್ದು ಒಂದೇ ಲಾರಿಯಿಂದ.

ಲಾರಿ ಹೆಚ್ಚಾದಂತೆ ಡ್ರೈವರುಗಳು ಬೇಕಾದರು. ಅವರು ತಯಾರಾದದ್ದು ಲಾರಿಯ ಎಡಗಡೆ ಸೀಟಿನಲ್ಲಿ.

ನಮ್ಮ ಮಾವ 1979ರಲ್ಲಿ ಆ ಸೀಟು ಹತ್ತಿದಾಗ ಅವರಿಗೆ 13 ವರ್ಷ. ಚಳ್ಳಕೆರೆಯಿಂದ ಕಡಲೆಕಾಯಿ ಎಣ್ಣೆ ಹೇರಿಕೊಂಡು ಬೆಂಗಳೂರಿಗೆ ಹೋಗುವ ಲಾರಿ ಅದು. ಸಂಬಳ ಎಂದು ಇರಲಿಲ್ಲ. ಎರಡು ಹೊತ್ತು ಊಟ, ಹಬ್ಬಕ್ಕೆ ಒಂದು ಜೊತೆ ಬಟ್ಟೆ. ಮೊದಲ ವರ್ಷ ತೊಳೆಯುವುದು, ಒರೆಸುವುದು, ರೇಡಿಯೇಟರಿಗೆ ನೀರು ಹಾಕುವುದು. ಏರಿನಲ್ಲಿ ಗಾಡಿ ನಿಂತರೆ ಓಡಿಹೋಗಿ ಚಕ್ರಕ್ಕೆ ಕಲ್ಲು ಕೊಡುವುದು. ಎರಡನೇ ವರ್ಷ ಹಗ್ಗ ಬಿಗಿಯುವುದು, ತಾಡಪಾಲು ಕಟ್ಟುವುದು, ಪಂಚರ್ ಆದರೆ ಜಾಕಿ ಹಾಕಿ ಸ್ಟೆಪ್ನಿ ಬದಲಿಸುವುದು. ಮೂರನೇ ವರ್ಷ ರಿವರ್ಸಿನಲ್ಲಿ ಹಿಂದೆ ನಿಂತು "ಬರ್ಲಿ, ಬರ್ಲಿ" ಎಂದು ಕೂಗುವುದು. ಲಾರಿಯ ಹಿಂಭಾಗ ಎಲ್ಲಿ ಮುಗಿಯುತ್ತದೆ ಎಂಬ ಅಂದಾಜು ಕಣ್ಣಿಗೆ ಬಂದದ್ದು ಅಲ್ಲೇ ಎನ್ನುತ್ತಾರೆ ಮಾವ.

ಸ್ಟೇರಿಂಗ್ ಸಿಕ್ಕಿದ್ದು ಆಮೇಲೆ. ಅದೂ ಲೋಡ್ ಇಳಿಸಿದ ಮೇಲೆ, ಖಾಲಿ ಗಾಡಿ, ಖಾಲಿ ಮೈದಾನ. ಆಗಿನ ಲಾರಿ ಓಡಿಸುವುದು ಈಗಿನಷ್ಟು ಸಲೀಸಲ್ಲ. ಪವರ್ ಸ್ಟೇರಿಂಗ್ ಇಲ್ಲ, ತಿರುಗಿಸಲು ತೋಳಿನ ಶಕ್ತಿ ಬೇಕು. ಗೇರ್ ಇಳಿಸಬೇಕಾದರೆ ಡಬಲ್ ಕ್ಲಚ್ ಒತ್ತಬೇಕು. ಒಂದು ಸಲ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತರಬೇಕು, ಕ್ಲಚ್ ಬಿಟ್ಟು ಸ್ವಲ್ಪ ಆಕ್ಸಿಲರೇಟರ್ ಕೊಡಬೇಕು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಬೇಕು. ತಪ್ಪಿದರೆ ಗೇರ್ ಬಾಕ್ಸ್ ಕರಕರ ಕೂಗುತ್ತದೆ, ಪಕ್ಕದಲ್ಲಿದ್ದ ಡ್ರೈವರ್ ತಲೆಗೊಂದು ಕೊಡುತ್ತಾನೆ.

ಶಿರಾಡಿ ಘಾಟಿ ಇಳಿಯುವಾಗ ಕಲಿತ ಪಾಠ ಮಾವನಿಗೆ ಇವತ್ತೂ ಬಾಯಿಪಾಠ. "ಯಾವ ಗೇರಲ್ಲಿ ಹತ್ತಿದ್ಯೋ ಅದೇ ಗೇರಲ್ಲಿ ಇಳಿ. ನ್ಯೂಟ್ರಲ್ ಹಾಕಿ ಡೀಸೆಲ್ ಉಳಿಸೋಕೆ ಹೋಗ್ಬೇಡ. ಬ್ರೇಕ್ ಕಾದು ಹೋದ್ರೆ ದೇವರೂ ಹಿಡಿಯಲ್ಲ." ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದಿಡಬೇಕಾದದ್ದು ಇಂಜಿನ್ನು. ಬರೀ ಬ್ರೇಕನ್ನೇ ನಂಬಿದರೆ ಅದು ಬಿಸಿಯಾಗಿ ಹಿಡಿತ ಬಿಡುತ್ತದೆ. ಏಳು ವರ್ಷ ಎಡಗಡೆ ಕೂತು ನೋಡಿದ್ದ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಳಬರು ಈ ಶಾಲೆಯನ್ನು ಹೊಗಳುತ್ತಾರೆ. ಆದರೆ ಫೀಸು ಕೊಟ್ಟವರು ಯಾರು? ಆ ಹುಡುಗರೇ. ತಮ್ಮ ಬಾಲ್ಯವನ್ನೇ ಕೊಟ್ಟರು. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂದದ್ದು 1961ರಲ್ಲೇ. ಅದು ಕ್ಲೀನರನ್ನೂ ಕಾರ್ಮಿಕ ಎಂದು ಕರೆದಿತ್ತು, ದಿನಕ್ಕೆ 8 ಗಂಟೆ ಕೆಲಸ ಎಂದಿತ್ತು, ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದು ಎಂದಿತ್ತು. ಆದರೆ ಅದು ಅನ್ವಯವಾಗುತ್ತಿದ್ದುದು ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ. ಒಂದು ಲಾರಿಯ ಮಾಲೀಕ, ಒಬ್ಬ ಡ್ರೈವರ್, ಒಬ್ಬ ಹುಡುಗ, ಇಷ್ಟೇ ಇದ್ದ ಕಡೆಗೆ ಆ ಕಾಯ್ದೆ ಬರಲಿಲ್ಲ. ಮಾವ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಊರೂರ ಬೋರ್ಡ್ ನೋಡಿ ನೋಡಿ ತಮಿಳು, ತೆಲುಗು ಅಕ್ಷರಗಳನ್ನು ಗುರುತಿಸುವುದನ್ನು ಕಲಿತರು. ಆದರೆ ಇನ್ಶೂರೆನ್ಸ್ ಕಾಗದ ಓದಿಸಲು ಇವತ್ತಿಗೂ ನನ್ನನ್ನೇ ಕರೆಯುತ್ತಾರೆ.

ಮೂರನೇ ಬಾಗಿಲು: ಅದಿರು

2000ದ ನಂತರ ಚೀನಾದಲ್ಲಿ ಉಕ್ಕಿಗೆ ಬೇಡಿಕೆ ಏರಿತು, ಬಳ್ಳಾರಿ ಸೀಮೆಯ ಕೆಂಪು ಮಣ್ಣಿಗೆ ಚಿನ್ನದ ಬೆಲೆ ಬಂತು. ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಹಗಲೂ ರಾತ್ರಿ ಲಾರಿಗಳ ಸಾಲು. ಅರಬೈಲ್ ಘಟ್ಟ ಇಳಿದು ಬೇಲೆಕೇರಿ ಬಂದರಿಗೆ ಹೋಗುವ ಲಾರಿಗಳು ಬೇರೆ. ಹೊಲ ಮಾರಿ, ಸಾಲ ಮಾಡಿ ಲಾರಿ ಕೊಂಡವರಿದ್ದರು. ಲಾರಿ ಬಂತು, ಡ್ರೈವರ್ ಎಲ್ಲಿ?

ಇಲ್ಲಿ ಮೊದಲ ಸಲ ಎಡಗಡೆ ಸೀಟಿನ ಶಾಲೆ ತಪ್ಪಿಹೋಯಿತು. ಟ್ರ್ಯಾಕ್ಟರ್ ಓಡಿಸಿ ಗೊತ್ತಿದ್ದ ಹುಡುಗರು ನೇರವಾಗಿ ಹತ್ತು ಚಕ್ರದ ಲಾರಿ ಹತ್ತಿದರು. ಟ್ರಿಪ್ ಲೆಕ್ಕದಲ್ಲಿ ದುಡ್ಡು, ಹಾಗಾಗಿ ನಿದ್ದೆ ಬಿಟ್ಟು ಓಡಿಸಿದರು. ಮಿತಿ ಮೀರಿದ ಲೋಡ್ ಬೇರೆ. ಅದು ಲೋಕಾಯುಕ್ತ ವರದಿಯಲ್ಲೂ ದಾಖಲಾಗಿದೆ. ಈ ಕಲಿಕೆಯ ಖರ್ಚನ್ನು ಹೊತ್ತವರು ರಸ್ತೆ ಬದಿಯ ಊರಿನವರು. ಸಂಜೆ ಎಮ್ಮೆ ಹೊಡೆದುಕೊಂಡು ಬರುವವರು, ಬೈಕಿನಲ್ಲಿ ಹೋಗುವವರು, ಧೂಳು ಕುಡಿದ ಹೊಲದವರು. ಸ್ಟೇರಿಂಗ್ ಹಿಡಿದ ಆ ಹುಡುಗರೂ ಅವರ ಸಾಲಿನಲ್ಲೇ ಇದ್ದರು.

2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು, ಮುಂದಿನ ತಿಂಗಳು ನಮ್ಮ ಚಿತ್ರದುರ್ಗ ಮತ್ತು ತುಮಕೂರಿನಲ್ಲೂ ನಿಂತಿತು. ಸಾಲದ ಲಾರಿಗಳು ಸಾಲಾಗಿ ನಿಂತವು. ಗಣಿಯಿಂದ ಬಂದರಿಗೆ ಓಡುವ ಒಂದೇ ರಸ್ತೆ ಗೊತ್ತಿದ್ದ ಹುಡುಗರು ಬೇರೆ ಲೈನಿಗೆ ಹೋದಾಗ, ಅವರೂ "ಅನುಭವ ಇಲ್ಲದವರು" ಆಗಿಬಿಟ್ಟರು.

ಸೀಟು ಖಾಲಿಯಾದದ್ದು

ಈಗ ಹೈವೇಯಲ್ಲಿ ನಿಂತು ನೋಡಿ. ಎಡಗಡೆ ಸೀಟು ಖಾಲಿ ಇರುವ ಲಾರಿಗಳೇ ಹೆಚ್ಚು. ರಸ್ತೆ ನಾಲ್ಕು ಲೇನ್ ಆಯಿತು. ಪವರ್ ಸ್ಟೇರಿಂಗ್ ಬಂತು, ಟೈರು ಗಟ್ಟಿಯಾಯಿತು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ತೆರಿಗೆ ಚೆಕ್‌ಪೋಸ್ಟುಗಳು ಹೋದವು. 2021ರಿಂದ ಫಾಸ್ಟ್ಯಾಗ್ ಕಡ್ಡಾಯವಾಗಿ ಟೋಲಿನಲ್ಲಿ ಇಳಿದು ಓಡುವ ಕೆಲಸವೂ ಹೋಯಿತು. ಕ್ಲೀನರನಿಗೆ ಕೊಡುವ ಬತ್ತಾ ಮಾಲೀಕನಿಗೆ ದಂಡ ಎಂದು ಕಾಣತೊಡಗಿತು.

ಮಕ್ಕಳು ಆ ಸೀಟಿನಿಂದ ಇಳಿದು ಶಾಲೆಗೆ ಹೋದರೆ ಸಂತೋಷವೇ. ಆದರೆ ಕೆಲಸವನ್ನು ಪಕ್ಕದಲ್ಲಿ ಕೂತು ಕಲಿಯುವ ಜಾಗವೂ ಅದರ ಜೊತೆ ಹೋಯಿತು. ಮಾಲೀಕರು ಕೇಳುವ "ಅನುಭವ" ಹುಟ್ಟುತ್ತಿದ್ದುದು ಅಲ್ಲಿಯೇ.

ಈಗಿರುವ ಬಾಗಿಲುಗಳು

ಸಾರಿಗೆ ವಾಹನದ ಲೈಸೆನ್ಸಿಗೆ 8ನೇ ತರಗತಿ ಪಾಸಾಗಿರಬೇಕೆಂಬ ನಿಯಮ ಇತ್ತು, 2019ರಲ್ಲಿ ಕೇಂದ್ರ ಅದನ್ನು ತೆಗೆಯಿತು. 2021ರಲ್ಲಿ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳ ನಿಯಮ ಬಂತು. ಅಲ್ಲಿ ದೊಡ್ಡ ವಾಹನಕ್ಕೆ ಆರು ವಾರಗಳಲ್ಲಿ 38 ಗಂಟೆಗಳ ಪಾಠ. ಮುಗಿಸಿದವರಿಗೆ ಆರ್‌ಟಿಒ ಕಚೇರಿಯ ಚಾಲನಾ ಪರೀಕ್ಷೆಯಿಂದ ವಿನಾಯಿತಿ.

ಇನ್ನೊಂದು ಬಾಗಿಲು ಚಿಕ್ಕ ಗಾಡಿ. 1986ರಲ್ಲಿ ಟಾಟಾ 407 ಬಂತು, 2005ರಲ್ಲಿ ಟಾಟಾ ಏಸ್ ಬಂತು. ಒಟ್ಟು ತೂಕ 7,500 ಕೆ.ಜಿ. ಮೀರದ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ಟೊಮೆಟೊ, ಹಾಲು, ಗ್ಯಾಸ್ ಸಿಲಿಂಡರ್ ಹೊರುವ ಚಿಕ್ಕ ಗಾಡಿಯಲ್ಲಿ ಒಂದೆರಡು ವರ್ಷ ಓಡಿಸಿದರೆ ಲೋಡ್ ಕಟ್ಟುವುದು, ಸಂದಿಯಲ್ಲಿ ರಿವರ್ಸ್ ಹಾಕುವುದು, ಲೆಕ್ಕ ಇಡುವುದು ಎಲ್ಲವೂ ಕೈಗೆ ಹತ್ತುತ್ತದೆ.

ಆದರೆ ತರಬೇತಿ ಫೀಸು ಕಟ್ಟಬೇಕಾದವನು ಹುಡುಗನ ಅಪ್ಪ. 38 ಗಂಟೆ ಕಲಿತ ಮೇಲೂ, 25 ಟನ್ ಸಿಮೆಂಟ್ ಹೇರಿಕೊಂಡು ರಾತ್ರಿ ಮಳೆಯಲ್ಲಿ ಘಾಟಿ ಇಳಿಯುವಾಗ ಪಕ್ಕದಲ್ಲಿ ಒಬ್ಬ ಹಳಬ ಇರಬೇಕು. ಆ ಕೆಲವು ತಿಂಗಳ ಖರ್ಚು ತಮ್ಮದು ಎಂದು ಹೇಳುವ ಮಾಲೀಕರನ್ನು ಹುಡುಕಬೇಕಾಗಿದೆ. ಡ್ರೈವರ್ ಸಿಗುತ್ತಿಲ್ಲ ಎಂದು ಗೊಣಗುವವರೂ ಅವರೇ.

ಮಾವ ಎರಡು ದಿನ ಫೋನ್ ಮಾಡಿದರು. ಕೊನೆಗೆ ಅವರ ಹಳೇ ಜೊತೆಗಾರರೊಬ್ಬರು ಒಪ್ಪಿದರು. ಮಂಗಳೂರು ಲೈನ್, ಹನ್ನೆರಡು ಚಕ್ರದ ಗಾಡಿ. ಮೂರು ತಿಂಗಳು ಹುಡುಗ ಎಡಗಡೆ ಕೂರಬೇಕು, ಬಯಲಿನಲ್ಲಿ ಅವನಿಗೆ ಸ್ಟೇರಿಂಗ್, ಘಾಟಿಯಲ್ಲಿ ಅವರಿಗೆ.

ಹೊರಡುವ ದಿನ ಮಾವ ಅವನಿಗೆ ಹೇಳಿದ್ದು ಎರಡೇ ಮಾತು. "ನಿದ್ದೆ ಬಂದ್ರೆ ನಿಲ್ಸು. ಮಾಲೀಕ ಬೈತಾನೆ, ಬೈಸ್ಕೋ." ಆಮೇಲೆ ನನ್ನ ಕಡೆ ತಿರುಗಿ, "ನನಗಾಗ 13, ಇವನಿಗೆ 21. ಅಷ್ಟರಮಟ್ಟಿಗೆ ಕಾಲ ಒಳ್ಳೇದಾಗಿದೆ" ಅಂದರು.

ಮೂರು ತಿಂಗಳ ಬತ್ತಾ ಯಾರು ಕೊಡಬೇಕು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಅವರಮ್ಮ ರೊಟ್ಟಿ ಕಟ್ಟಿ ಕೊಟ್ಟಿದ್ದಾರೆ.