ಬೆನ್ನು ತೆರೆದ ಹೆಡ್‌ಫೋನು ಮತ್ತು ವಯನಾಡಿನ ಮಳೆ

ಹೆಡ್‌ಫೋನ್ ಎಂದ ಕೂಡಲೇ ಕಿವಿಯನ್ನು ಗಟ್ಟಿಯಾಗಿ ಮುಚ್ಚಿ, ಹೊರಗಿನ ಸದ್ದನ್ನು ಹೊರಗೇ ನಿಲ್ಲಿಸುವ ಒಂದು ವಸ್ತು ನಮ್ಮ ಕಣ್ಣ ಮುಂದೆ ಬರುತ್ತದೆ. ನಮ್ಮ ಮಕ್ಕಳು ಕಂಪ್ಯೂಟರ್ ಲ್ಯಾಬಿನಲ್ಲಿ ತಲೆಗೆ ಏರಿಸಿಕೊಳ್ಳುವುದು ಅಂಥದ್ದನ್ನೇ. ಆದರೆ ಸಂಗೀತ ಬಲ್ಲವರು ಮೆಚ್ಚುವ, ದುಬಾರಿ ಬೆಲೆಯ ಹೆಡ್‌ಫೋನುಗಳಲ್ಲಿ ಬಹುಪಾಲು ಹಾಗಿಲ್ಲ. ಅವುಗಳ ಬೆನ್ನಿಗೆ ಮುಚ್ಚಳವೇ ಇರುವುದಿಲ್ಲ, ಬರೀ ಜಾಳಿಗೆ ಇರುತ್ತದೆ. ಒಳಗಿನ ಹಾಡು ಪಕ್ಕದವರಿಗೂ ಕೇಳುತ್ತದೆ, ಪಕ್ಕದವರ ಕೆಮ್ಮು ನಮಗೂ ಕೇಳುತ್ತದೆ. ಇಷ್ಟು ದುಡ್ಡು ಕೊಟ್ಟು ತೂತಿನ ಸಾಮಾನು ಕೊಳ್ಳುವುದೇ ಎಂದು ನಗಬೇಡಿ ಮಾರಾಯ್ರೆ, ಇದಕ್ಕೊಂದು ಚರಿತ್ರೆ ಇದೆ. ಇಂಗ್ಲಿಷಿನಲ್ಲಿ ಇದನ್ನು ಓಪನ್ ಬ್ಯಾಕ್ ಅನ್ನುತ್ತಾರೆ. ನಾನು ಇಲ್ಲಿ 'ಬೆನ್ನು ತೆರೆದ ಹೆಡ್‌ಫೋನ್' ಎಂದು ಬರೆಯುತ್ತೇನೆ.

ಈ ಬರಹಕ್ಕೆ ಕಾರಣ ನನ್ನ ಒಬ್ಬ ಹಳೆಯ ವಿದ್ಯಾರ್ಥಿ. ಈಗ ವಯನಾಡಿನಲ್ಲಿ, ಮಾನಂತವಾಡಿಯಿಂದ ತುಸು ದೂರದಲ್ಲಿ ನೌಕರಿಯಲ್ಲಿದ್ದಾನೆ. ಬಿಡುವಿನಲ್ಲಿ ಅವನಿಗೊಂದು ಹುಚ್ಚು. ಕಾಟುನಾಯ್ಕ ಹಿರಿಯರ ಮಾತು, ಕತೆಗಳನ್ನು ಅವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡುತ್ತಾನೆ. ರಾತ್ರಿ ಕೂತು ಅದನ್ನು ಕನ್ನಡ ಲಿಪಿಯಲ್ಲಿ ಬರೆದಿಡುತ್ತಾನೆ. ಕಾಟುನಾಯ್ಕರ ಮಾತು ಕನ್ನಡಕ್ಕೆ ಬಹಳ ಹತ್ತಿರದ್ದು, ಗಡಿಯಾಚೆಯ ಜೇನುಕುರುಬರ ಮಾತಿಗೆ ನೆಂಟ. (ವಯನಾಡು ನಮಗೆ ಪರಕೀಯ ಎಂದು ತಿಳಿಯಬೇಡಿ. ಕಲ್ಪೆಟ್ಟದ ಸುತ್ತಮುತ್ತ ಕನ್ನಡ ಮೂಲದ ಜೈನ ಗೌಡರ ಮನೆತನಗಳು ತಲೆಮಾರುಗಳಿಂದ ಇವೆ. 2020ರಲ್ಲಿ ತೀರಿಕೊಂಡ ಎಂ.ಪಿ. ವೀರೇಂದ್ರಕುಮಾರ್ ಅಂಥ ಮನೆತನದವರೇ.) ಹತ್ತು ನಿಮಿಷದ ಮಾತನ್ನು ಸರಿಯಾಗಿ ಬರೆಯಲು ಒಂದು ಸಂಜೆ ಹಿಡಿಯುತ್ತದೆಯಂತೆ. ಅಷ್ಟು ಹೊತ್ತು ಕಿವಿಗೆ ಏನನ್ನು ಹಾಕಿಕೊಳ್ಳಬೇಕು ಎಂಬುದು ಅವನ ಪ್ರಶ್ನೆ. "ಸರ್, ಮೂರು ಹೆಡ್‌ಫೋನ್ ಕೈಗೆ ಬಂದಿದೆ. ಒಂದನ್ನು ಮಾತ್ರ ಇಟ್ಟುಕೊಳ್ಳಲಿಕ್ಕೆ ಆಗುವುದು. ನೀವು ಹಳೇ ರೇಡಿಯೋ ಮರ್ಲಿನವರು, ಒಮ್ಮೆ ಬಂದು ಕೇಳಿ ಹೇಳಿ" ಎಂದ.

ಮೊದಲು ಚರಿತ್ರೆ. 1910ರಲ್ಲಿ ಅಮೆರಿಕದ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್‌ವಿನ್ ಎಂಬವರು ತಮ್ಮ ಅಡಿಗೆಮನೆಯಲ್ಲಿ ಕೂತು ಹೆಡ್‌ಫೋನ್ ತಯಾರಿಸಿ ಅಲ್ಲಿನ ನೌಕಾಪಡೆಗೆ ಕಳಿಸಿಕೊಟ್ಟರು. ನೌಕಾಪಡೆಗೆ ಬೇಕಾದದ್ದು ಸಂಗೀತವಲ್ಲ, ಗದ್ದಲದ ನಡುವೆ ಮೋರ್ಸ್ ಸಂಕೇತ ಕೇಳಿಸಬೇಕು ಅಷ್ಟೆ. ಆದ್ದರಿಂದ ಕಿವಿಗೆ ಬಿಗಿಯಾಗಿ ಒತ್ತಿ ಕೂರುವುದೇ ಹೆಡ್‌ಫೋನಿನ ಹುಟ್ಟುಗುಣವಾಯಿತು. ಆಮೇಲೆ ರೇಡಿಯೋ ಬಂತು. ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 'ಆಕಾಶವಾಣಿ' ಆರಂಭಿಸಿದ್ದು ನಮಗೆಲ್ಲ ಗೊತ್ತು. ಆ ಕಾಲದಲ್ಲಿ ಬಡವರ ರೇಡಿಯೋ ಎಂದರೆ ಕ್ರಿಸ್ಟಲ್ ಸೆಟ್. ಅದಕ್ಕೆ ಕರೆಂಟೂ ಬೇಡ, ಬ್ಯಾಟರಿಯೂ ಬೇಡ, ಆದರೆ ಹೆಡ್‌ಫೋನ್ ಇಲ್ಲದೆ ಒಂದಕ್ಷರ ಕೇಳದು. ಸಂಗೀತಕ್ಕೆಂದೇ ಸ್ಟೀರಿಯೋ ಹೆಡ್‌ಫೋನ್ ಮಾರುಕಟ್ಟೆಗೆ ಬಂದದ್ದು 1958ರಲ್ಲಿ, ಅಮೆರಿಕದ ಮಿಲ್ವಾಕಿಯ ಜಾನ್ ಕಾಸ್ ಅವರಿಂದ. ಅದೂ ಮುಚ್ಚಿದ್ದೇ. ಅರ್ಧ ಗಂಟೆ ಹಾಕಿದರೆ ಕಿವಿ ಬೆವರಿ ಕೆಂಪಗಾಗುವಂಥದ್ದು.

ತಿರುವು ಬಂದದ್ದು 1968ರಲ್ಲಿ. ಜರ್ಮನಿಯಲ್ಲಿ ಫ್ರಿಟ್ಸ್ ಸೆನ್‌ಹೈಸರ್ 1945ರಲ್ಲಿ ಕಟ್ಟಿದ ಕಂಪೆನಿ ಆ ವರ್ಷ ಎಚ್‌ಡಿ 414 ಎಂಬ ಹೆಡ್‌ಫೋನನ್ನು ಹೊರತಂದಿತು. ಬೆನ್ನು ತೆರೆದ ಹೆಡ್‌ಫೋನುಗಳಲ್ಲಿ ಮಾರುಕಟ್ಟೆಗೆ ಬಂದ ಮೊದಲನೆಯದು ಇದೇ. ಚರ್ಮದ ದಿಂಬಿಲ್ಲ, ಭಾರದ ಬಟ್ಟಲಿಲ್ಲ. ಒಂದು ಪ್ಲಾಸ್ಟಿಕ್ ಪಟ್ಟಿ, ಎರಡು ಸ್ಪಂಜು, ಅಷ್ಟೆ. ಹಳದಿ ಸ್ಪಂಜಿನ ಹೆಡ್‌ಫೋನ್ ಎಂದೇ ಅದು ಹೆಸರಾಯಿತು. ನೋಡಲು ಆಟಿಕೆಯಂತಿದ್ದ ಆ ವಸ್ತು ಒಂದು ಕೋಟಿಗೂ ಮೇಲೆ ಮಾರಾಟವಾಯಿತು ಎಂಬುದು ಕಂಪೆನಿಯ ಮಾತು.

ಇದರ ಗುಟ್ಟು ಏನು? ಹೆಡ್‌ಫೋನಿನ ಒಳಗೆ ತೆಳುವಾದ ಒಂದು ಪೊರೆ ಇದೆ, ಮೃದಂಗದ ಚರ್ಮದಂತೆ ಅಂದುಕೊಳ್ಳಿ. ಅದು ಮುಂದಕ್ಕೆ ಅಲುಗಿದಾಗ ಕಿವಿಯ ಕಡೆ ಸದ್ದು ಹೋಗುತ್ತದೆ, ಅದೇ ಹೊತ್ತಿಗೆ ಬೆನ್ನಿನ ಕಡೆಯೂ ಅಷ್ಟೇ ಸದ್ದು ಹೋಗುತ್ತದೆ. ಬೆನ್ನು ಮುಚ್ಚಿದ್ದರೆ ಆ ಹಿಂದಿನ ಸದ್ದು ಬಟ್ಟಲಿನ ಗೋಡೆಗೆ ಬಡಿದು, ತಿರುಗಿ ಬಂದು, ಮುಂದಿನ ಸದ್ದಿನ ಜೊತೆ ಕಲಸಿಹೋಗುತ್ತದೆ. ಕೊಡದೊಳಗೆ ಮುಖ ಇಟ್ಟು ಮಾತಾಡಿದರೆ ಹೇಗಿರುತ್ತದೆ, ಸ್ವಲ್ಪ ಹಾಗೆ. ಬೆನ್ನು ತೆರೆದರೆ ಆ ಸದ್ದು ಗಾಳಿಗೆ ಹೋಗಿಬಿಡುತ್ತದೆ, ಉಳಿದದ್ದು ತಿಳಿಯಾಗಿ ಕೇಳುತ್ತದೆ. ಹಾಡು ತಲೆಯ ಒಳಗಲ್ಲ, ಎದುರಿಗೆ ಎಲ್ಲೋ ನಡೆಯುತ್ತಿದೆ ಅನಿಸುವುದೂ ಇದರಿಂದಲೇ. ನಷ್ಟವೂ ಉಂಟು. ತಗ್ಗು ಸ್ವರದ ಸದ್ದು ಹಿಂದಿನಿಂದ ಮುಂದಕ್ಕೆ ಸುತ್ತಿ ಬಂದು ತನ್ನನ್ನು ತಾನೇ ತಿಂದುಹಾಕುತ್ತದೆ. ಹಾಗಾಗಿ ಚೆಂಡೆಯ ಗುಡುಗು ಬೇಕಾದವರಿಗೆ ಇದು ಸಪ್ಪೆ. ಇನ್ನೊಂದು ಲಾಭವಿದೆ, ಗಾಳಿ ಆಡುವುದರಿಂದ ಕಿವಿ ಬೆವರುವುದಿಲ್ಲ. ಒಳ್ಳೆಯ ದನಿ, ಕಿವಿಯ ಸುಖ ಎರಡೂ ಒಂದೇ ತೂತಿನಿಂದ ಬಂದವು ಎಂಬುದು ನನಗೆ ಈ ಚರಿತ್ರೆಯಲ್ಲೇ ಬಹಳ ಇಷ್ಟವಾದ ಸಂಗತಿ.

ನಮ್ಮ ಮಲಬಾರಿನವರ ಕಿವಿಗೆ ಇದು ಮುಟ್ಟಿದ್ದು ಜಪಾನಿನ ದಾರಿಯಿಂದ. 1979ರ ಜುಲೈ 1ರಂದು ಸೋನಿಯವರು ವಾಕ್‌ಮನ್ ಮಾರಾಟಕ್ಕೆ ತಂದಾಗ ಅದರ ಜೊತೆಗಿದ್ದ ಸ್ಪಂಜಿನ ಹೆಡ್‌ಫೋನ್ ಸುಮಾರು 50 ಗ್ರಾಂ. ಅದಕ್ಕೂ ಮುಂಚಿನವು 300, 400 ಗ್ರಾಂ ತೂಗುತ್ತಿದ್ದವು. ಆಮೇಲೆ ಗಲ್ಫಿನಿಂದ ಬರುವವರ ಪೆಟ್ಟಿಗೆಯಲ್ಲಿ ಅತ್ತರು, ಟಾರ್ಚು, ಟೂ ಇನ್ ಒನ್ ಜೊತೆ ವಾಕ್‌ಮನ್ನೂ ಬಂತು. ಕಾಸರಗೋಡಿನಲ್ಲಾಗಲಿ ವಯನಾಡಿನಲ್ಲಾಗಲಿ ನಾಲ್ಕು ಮಳೆಗಾಲ ಕಳೆದರೆ ಆ ಸ್ಪಂಜು ಪುಡಿಪುಡಿಯಾಗಿ ಕಿವಿಗೆಲ್ಲ ಅಂಟುತ್ತಿದ್ದುದು ನಿಮಗೆ ನೆನಪಿದೆಯೇ? ಆ ಸ್ಪಂಜಿನ ಜಾತಿಯೇ ಹಾಗೆ, ಗಾಳಿಯ ತೇವಕ್ಕೆ ಒಳಗೊಳಗೇ ಮುರಿದುಹೋಗುತ್ತದೆ.

ಅತ್ತ ದೊಡ್ಡವರ ಪೈಪೋಟಿ ಬೇರೆಯೇ ನಡೆದಿತ್ತು. ಜಪಾನಿನ ಸ್ಟ್ಯಾಕ್ಸ್ 1960ರಲ್ಲೇ ಸ್ಥಾಯೀ ವಿದ್ಯುತ್ತಿನಿಂದ ನಡೆಯುವ ಹೆಡ್‌ಫೋನ್ ಮಾಡಿತ್ತು. ವಿಯೆನ್ನಾದ ಎಕೆಜಿ 1989ರಲ್ಲಿ ಕೆ 1000 ಎಂಬುದನ್ನು ತಂದಿತು. ಅದು ಕಿವಿಗೆ ತಾಗುವುದೇ ಇಲ್ಲ, ಎರಡು ಪುಟ್ಟ ಕಿಟಕಿಗಳಂತೆ ಕಿವಿಯ ಪಕ್ಕ ತೂಗಾಡುತ್ತದೆ. ಸೆನ್‌ಹೈಸರ್ 1991ರಲ್ಲಿ 'ಆರ್ಫಿಯಸ್' ಎಂಬ ರಾಜಭೋಗದ ಹೆಡ್‌ಫೋನನ್ನು ಬರೀ 300 ಮಾಡಿ ಮಾರಿತು. ಇವೆಲ್ಲ ನೋಡಿ ಖುಷಿಪಡುವುದಕ್ಕೆ. ದುಡಿದು ತಿನ್ನುವವನು ವರ್ಷಾನುಗಟ್ಟಲೆ ದುಡ್ಡು ಕೂಡಿಟ್ಟು ಕೊಳ್ಳಬಹುದಾದದ್ದು ಎಂದರೆ 1997ರ ಎಚ್‌ಡಿ 600, 2005ರ ಎಕೆಜಿ ಕೆ 701, ಬೇಯರ್‌ಡೈನಾಮಿಕ್‌ನವರ ಡಿಟಿ 990, ಇಂಥವು. ನನ್ನ ವಿದ್ಯಾರ್ಥಿಯ ಮೇಜಿನ ಮೇಲೆ ಇದ್ದದ್ದೂ ಈ ಮೂರೇ, ಎಲ್ಲವೂ ಬೆಂಗಳೂರಿನಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡದ್ದು.

ನೆಡುಂಪೊಯಿಲ್ ಘಾಟಿ ಹತ್ತಿ ನಾನು ಅಲ್ಲಿಗೆ ಹೋದದ್ದು ಜುಲೈ ತಿಂಗಳಲ್ಲಿ. ವಯನಾಡಿನ ಹೆಚ್ಚಿನ ಭಾಗ ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರ. ಕೆಳಗಿನ ಸೆಕೆ ಇಲ್ಲ, ಆದರೆ ಮಳೆ ಅಂದರೆ ಮಳೆ. ಮೊದಲು ವೀಣೆ ದೊರೆಸ್ವಾಮಿ ಅಯ್ಯಂಗಾರರ ಒಂದು ಹಳೆಯ ಧ್ವನಿಮುದ್ರಣ ಹಾಕಿದೆವು. ಮೀಟಿದ ತಂತಿಯ ಸ್ವರ ಹೇಗೆ ಸಣ್ಣದಾಗುತ್ತಾ ಕೊನೆಗೆ ಇಲ್ಲವಾಗುತ್ತದೆ ಎಂಬುದರಲ್ಲೇ ಹೆಡ್‌ಫೋನಿನ ಯೋಗ್ಯತೆ ಗೊತ್ತಾಗುತ್ತದೆ. ಡಿಟಿ 990ರಲ್ಲಿ ಉಗುರು ತಂತಿಗೆ ತಾಗುವ ಸದ್ದು ಚುಚ್ಚುವಷ್ಟು ಸ್ಪಷ್ಟ. ಮೊದಲ ಹತ್ತು ನಿಮಿಷ ಬೆರಗಾಗುತ್ತದೆ, ಒಂದು ಗಂಟೆಯ ನಂತರ ತಲೆ ಚಿಟ್ಟು ಹಿಡಿಯುತ್ತದೆ. ಕೆ 701ರಲ್ಲಿ ವೀಣೆ ದೂರದ ಸಭಾಂಗಣದಲ್ಲಿ ಇದ್ದಂತೆ, ಬಯಲು ದೊಡ್ಡದು, ಮೈ ಸ್ವಲ್ಪ ತೆಳು. ಎಚ್‌ಡಿ 600ರಲ್ಲಿ ಬಯಲು ಚಿಕ್ಕದು, ಆದರೆ ವೀಣೆ ವೀಣೆಯಂತೆಯೇ ಇತ್ತು. ಮನುಷ್ಯರ ಕಂಠವಂತೂ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ.

ಸುಖದ ಲೆಕ್ಕ ಬೇರೆ. ತೂಕದಲ್ಲಿ ಮೂರೂ ಹೆಚ್ಚು ಕಡಿಮೆ ಒಂದೇ, 235ರಿಂದ 260 ಗ್ರಾಂ ಒಳಗೆ. ಡಿಟಿ 990ರ ಮಖಮಲ್ಲಿನ ದಿಂಬು ಬೆಕ್ಕಿನ ಮರಿಯನ್ನು ಕಿವಿಗೆ ಒತ್ತಿದಂತೆ ಮೆತ್ತಗೆ. ಕೆ 701ರ ತಲೆಪಟ್ಟಿಯ ಒಳಭಾಗದಲ್ಲಿ ಉಬ್ಬುಗಳಿವೆ, ನನ್ನಂಥ ಬೋಳುತಲೆಯವರಿಗೆ ಮುಕ್ಕಾಲು ಗಂಟೆಗೆ ಸಾಕುಸಾಕು. ಎಚ್‌ಡಿ 600 ಹೊಸದರಲ್ಲಿ ಇಕ್ಕಳದಂತೆ ಹಿಡಿಯುತ್ತದೆ. ಇವನದ್ದು ಯಾರೋ ಹಾಕಿ ಹಾಕಿ ಸಡಿಲವಾದದ್ದು, ಅದು ಅವನ ಪುಣ್ಯ. ಇವಕ್ಕಿಂತ ಮೇಲಿನ ಮೆಟ್ಟಿಲಿನವೂ ಇವೆ. 2009ರಲ್ಲಿ ಬಂದ ಎಚ್‌ಡಿ 800 ಗಾತ್ರಕ್ಕೆ ಹಗುರ, ಕಿವಿಗೆ ಎಲ್ಲೂ ತಾಗದಷ್ಟು ವಿಶಾಲ. ಅದೇ ಕಾಲದ ಆಡಿಝಿ ಎಲ್‌ಸಿಡಿ 2ರ ತಗ್ಗು ಸ್ವರ ಬಹಳ ಗಟ್ಟಿ, ಆದರೆ ತೂಕ ಅರ್ಧ ಕಿಲೋ ದಾಟುತ್ತದೆ. ಅರ್ಧ ಕಿಲೋ ಸಕ್ಕರೆ ಕಟ್ಟನ್ನು ನೆತ್ತಿಯ ಮೇಲೆ ಇಟ್ಟುಕೊಂಡು ಯಾರು ಬರೆಯುತ್ತಾರೆ?

ಆಮೇಲೆ ಅವನ ಅಸಲಿ ಕೆಲಸದ ಧ್ವನಿಮುದ್ರಣ, ಒಬ್ಬ ಅಜ್ಜಿಯ ಮಾತು. ಆ ಹೊತ್ತಿಗೆ ಸರಿಯಾಗಿ ಹೆಂಚಿನ ಮೇಲೆ ಮಳೆ ಸುರಿಯತೊಡಗಿತು. ಬೆನ್ನು ತೆರೆದ ಹೆಡ್‌ಫೋನಿನ ಬಣ್ಣ ಬಯಲಾಗುವುದು ಇಲ್ಲೇ. ಮೂರರಲ್ಲಿ ಯಾವುದನ್ನು ಹಾಕಿದರೂ ಮಳೆ ಒಳಗೇ ಬಂತು. ಅಜ್ಜಿಯ ಪದದ ಕೊನೆಯ ಸ್ವರ 'ಉ' ಎಂದೋ, ಅದಕ್ಕಿಂತ ಒಳಗೆ ಸರಿದ ಬೇರೊಂದು ಸ್ವರವೋ ಎಂದು ನಾವಿಬ್ಬರೂ ಜಗಳಾಡಿದೆವು. ಇದು ಸಣ್ಣ ವಿಷಯವಲ್ಲ. ಕೊಡವ ಭಾಷೆಯಲ್ಲಿ, ಬೆಟ್ಟಕುರುಬರ ಮಾತಿನಲ್ಲಿ ನಮ್ಮ ವರ್ಣಮಾಲೆಯಲ್ಲಿ ಇಲ್ಲದ ಸ್ವರಗಳಿವೆ. ಕನ್ನಡ ಲಿಪಿಯಲ್ಲಿ ಬರೆಯುವವನ ಕಿವಿ ಅವನ್ನು ಕನ್ನಡದ ಸ್ವರವೆಂದೇ ಕೇಳಿ ಬಿಡುತ್ತದೆ. ಒಮ್ಮೆ ಹಾಗೆ ಬರೆದರೆ ಮುಂದೆ ಓದುವವರಿಗೆ ಆ ಸ್ವರ ಇತ್ತೆಂಬುದೇ ತಿಳಿಯುವುದಿಲ್ಲ. ಮನೆಯಲ್ಲಿ ತುಳು, ಮರಾಠಿ, ಕೊಂಕಣಿ, ಬ್ಯಾರಿ ಮಾತಾಡಿ ಒಂದನೇ ಕ್ಲಾಸಿಗೆ ಬರುವ ಮಕ್ಕಳ ಬಾಯಿಯನ್ನು ತಿದ್ದುವ ನಮಗೆ ಈ ಸಂಕಟ ಹೊಸತಲ್ಲ. ವಯನಾಡಿನ ಪ್ರಾಥಮಿಕ ಶಾಲೆಗಳಲ್ಲಿ 2017ರಲ್ಲಿ 'ಗೋತ್ರಬಂಧು' ಯೋಜನೆಯಡಿ ಆದಿವಾಸಿ ಸಮುದಾಯದವರನ್ನೇ ಮಕ್ಕಳ ಜೊತೆಗಾರ ಶಿಕ್ಷಕರನ್ನಾಗಿ ನೇಮಿಸಿದ್ದು ಇದೇ ಸಂಕಟಕ್ಕೆ ಒಂದು ಮದ್ದಾಗಿ. ದ್ವಾರಕದಿಂದ 2009ರಲ್ಲಿ ಆರಂಭವಾದ ಸಮುದಾಯ ಬಾನುಲಿ 'ರೇಡಿಯೋ ಮಾಟ್ಟೊಲಿ'ಯೂ ಆದಿವಾಸಿ ಭಾಷೆಗಳಲ್ಲಿ ಕಾರ್ಯಕ್ರಮ ಕೊಟ್ಟಿದೆ.

"ಹಾಗಾದರೆ ಮಳೆಗಾಲಕ್ಕೆ ಮುಚ್ಚಿದ್ದೇ ಒಂದು ತಗೊಳ್ಳೋ" ಎಂದೆ. ಒಳಗಿನಿಂದ ಅವನ ತಾಯಿ ಹೇಳಿದರು, "ಬೇಡ ಮಾಷ್ಟ್ರೇ, ರಾತ್ರಿ ಕಿವಿ ಮುಚ್ಚಿ ಕೂರಲಿಕ್ಕೆ ನಾನು ಬಿಡುವುದಿಲ್ಲ." ಅವರ ಮನೆಯ ಹಿಂದೆ ಕಾಫಿ ತೋಟ, ಅದರ ಹಿಂದೆ ಕಾಡು. ಆನೆ ಬಂದರೆ ಮೊದಲು ತಿಳಿಯುವುದು ಬಾಳೆ ಮುರಿಯುವ ಸದ್ದಿನಿಂದ. 2024ರ ಜುಲೈ 30ರ ನಡುರಾತ್ರಿ ಕಳೆದ ಮೇಲೆ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿದು ಬಂದಾಗ ಇನ್ನೂರಕ್ಕೂ ಹೆಚ್ಚು ಜನ ಹೋದರು. ಬದುಕಿ ಉಳಿದವರಲ್ಲಿ ಅನೇಕರು ಮೊದಲು ಹೇಳಿದ್ದು ಕತ್ತಲೆಯಲ್ಲಿ ಕೇಳಿದ ಭಯಂಕರ ಸದ್ದಿನ ಬಗ್ಗೆ. ಆ ತಾಯಿಗೆ ನಾನು ಏನು ಹೇಳಲಿ? ದನಿಯನ್ನು ಕೆಡಿಸುವ ತೂತೇ ಆ ಮನೆಯಲ್ಲಿ ಬೇಕಾದ ತೂತು ಕೂಡ. ಯಾವ ಕಂಪೆನಿಯ ಜಾಹೀರಾತಿನಲ್ಲೂ ಈ ಗುಣವನ್ನು ಬರೆದದ್ದು ನಾನು ಕಂಡಿಲ್ಲ.

ಕೊನೆಗೆ ಅವನು ಎಚ್‌ಡಿ 600 ಇಟ್ಟುಕೊಂಡ, ಮಳೆ ಜೋರಿದ್ದ ರಾತ್ರಿ ಬರೆಯುವುದಿಲ್ಲ ಎಂದು ಒಪ್ಪಿಕೊಂಡ. ಹಾಗೆಂದು ಶಾಲೆಗೆ ಇಂಥದ್ದು ಕೊಳ್ಳಿ ಎಂದು ಯಾರಿಗೂ ನಾನು ಹೇಳುವುದಿಲ್ಲ. ಇಪ್ಪತ್ತು ಮಕ್ಕಳ ಲ್ಯಾಬಿನಲ್ಲಿ ಇಪ್ಪತ್ತು ಬೆನ್ನು ತೆರೆದ ಹೆಡ್‌ಫೋನ್ ಎಂದರೆ ಸಂತೆ! ಮೈಕಿನ ಮುಂದೆ ಕೂತು ಮಾತಾಡುವವರಿಗೂ ಮುಚ್ಚಿದ್ದೇ ಸರಿ, ಇಲ್ಲದಿದ್ದರೆ ಹೆಡ್‌ಫೋನಿನ ಸದ್ದು ಮೈಕಿಗೆ ಹೋಗುತ್ತದೆ. ಬಸ್ಸಿನಲ್ಲಿ ಬೆನ್ನು ತೆರೆದದ್ದನ್ನು ಹಾಕಿದರೆ ಗದ್ದಲ ಮೀರಲು ವಾಲ್ಯೂಮ್ ಏರಿಸುತ್ತಾ ಹೋಗುತ್ತೇವೆ, ಕಿವಿಗೆ ಅದು ಅಪಾಯ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ 75 ಡೆಸಿಬೆಲ್, ಅದಕ್ಕಿಂತ ಮೇಲೆ ಹೋಗಬಾರದು. ಇನ್ನೊಂದು ಮಾತು, ಎಚ್‌ಡಿ 600ರ ವಿದ್ಯುತ್ ತಡೆ 300 ಓಮ್. ಮೊಬೈಲಿಗೆ ನೇರ ಸಿಕ್ಕಿಸಿದರೆ ದನಿ ಬಡಕಲು, ಸಣ್ಣದೊಂದು ಆಂಪ್ಲಿಫಯರ್ ಬೇಕೇ ಬೇಕು.

ಎಕೆಜಿಯ ವಿಯೆನ್ನಾ ಕಾರ್ಖಾನೆ 2017ರಲ್ಲಿ ಮುಚ್ಚಿತು. ಸೆನ್‌ಹೈಸರ್‌ನ ಹೆಡ್‌ಫೋನ್ ವ್ಯಾಪಾರ 2022ರಲ್ಲಿ ಸ್ವಿಟ್ಜರ್ಲೆಂಡಿನ ಸೋನೋವಾಕ್ಕೆ ಹೋಯಿತು. ಅದು ಕಿವಿ ಕೇಳದವರಿಗೆ ಶ್ರವಣಯಂತ್ರ ಮಾಡುವ ಕಂಪೆನಿ, ನೋಡಿ ಹೇಗಿದೆ! ಎಚ್‌ಡಿ 600 ಮಾತ್ರ ಬಿಡಿಭಾಗಗಳ ಮಟ್ಟಿಗೆ ಹಳೇ ಅಂಬಾಸಿಡರ್ ಕಾರಿನ ಹಾಗೆ, ದಿಂಬು, ವಯರು, ಸ್ಪಂಜು ಎಲ್ಲವನ್ನೂ ಬೇರೆ ಬೇರೆಯಾಗಿ ಬಿಚ್ಚಿ ಹೊಸದು ಹಾಕಬಹುದು. ವಯನಾಡಿನಲ್ಲಿ ಅದರ ಅಗತ್ಯ ಬೇಗ ಬರುತ್ತದೆ, ಆಟಿ ತಿಂಗಳಲ್ಲಿ ದಿಂಬಿಗೆ ಬೂಷ್ಟು ಹಿಡಿಯುತ್ತದೆ. ಈಗ ಅವನು ಅದನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ, ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತಾನೆ. ಆ ಡಬ್ಬ ಹಿಂದೆ ಹಪ್ಪಳದ್ದಾಗಿತ್ತಂತೆ, ವಾಸನೆ ಇನ್ನೂ ಹೋಗಿಲ್ಲ.