ತೂಕ ಇಳಿಸುವ ವಾರಕ್ಕೊಮ್ಮೆಯ ಚುಚ್ಚುಮದ್ದು: ಮನೆಯಲ್ಲಿ ಸುರಕ್ಷಿತ ಬಳಕೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಸ್ಥೂಲಕಾಯದ ಚಿಕಿತ್ಸೆಗಾಗಿ ವಾರಕ್ಕೊಮ್ಮೆ ಚರ್ಮದ ಅಡಿಗೆ ಚುಚ್ಚಿಕೊಳ್ಳುವ ಎರಡು ಔಷಧಿಗಳು 2025ರಲ್ಲಿ ಭಾರತದ ಮಾರುಕಟ್ಟೆಯನ್ನು ಪ್ರವೇಶಿಸಿದವು. ಮೌಂಜಾರೊ ಹೆಸರಿನ ಟಿರ್ಜೆಪಟೈಡ್ ಆ ವರ್ಷದ ಮಾರ್ಚ್ ತಿಂಗಳಿನಲ್ಲಿಯೂ, ವೆಗೋವಿ ಹೆಸರಿನ ಸೆಮಾಗ್ಲುಟೈಡ್ ಜೂನ್ ತಿಂಗಳಿನಲ್ಲಿಯೂ ದೊರೆಯತೊಡಗಿದವು. ಇವು ಜಠರವು ಬರಿದಾಗುವುದನ್ನು ನಿಧಾನಗೊಳಿಸಿ, ಮಿದುಳಿನ ಮೇಲೆ ಕೆಲಸ ಮಾಡಿ ಹಸಿವನ್ನು ತಗ್ಗಿಸುತ್ತವೆ. ಚುಚ್ಚುಮದ್ದನ್ನು ರೋಗಿಯೇ ಅಥವಾ ಮನೆಯವರೇ ನೀಡಬಹುದಾಗಿರುವುದರಿಂದ, ಆಸ್ಪತ್ರೆಯಲ್ಲಿ ಶುಶ್ರೂಷಕರು ವಹಿಸುವ ಎಚ್ಚರವನ್ನು ಮನೆಯವರೇ ವಹಿಸಬೇಕಾಗುತ್ತದೆ. ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ಇದು ವೈದ್ಯರ ಸಲಹೆಗೆ ಪರ್ಯಾಯವಲ್ಲ.

ಯಾರು ಬಳಸಬಹುದು, ಯಾರು ಬಳಸಕೂಡದು

ದೇಹದ ತೂಕವನ್ನು ಕಿಲೋಗ್ರಾಂಗಳಲ್ಲಿ ಅಳೆದು, ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಗೆ ದೇಹ ದ್ರವ್ಯರಾಶಿ ಸೂಚ್ಯಂಕ ಎಂದು ಹೆಸರು. ಸಾಮಾನ್ಯವಾಗಿ ಈ ಸೂಚ್ಯಂಕವು 30 ಅಥವಾ ಅದಕ್ಕಿಂತ ಹೆಚ್ಚಿರುವ ವಯಸ್ಕರಿಗೆ, ಇಲ್ಲವೇ 27ಕ್ಕಿಂತ ಕಡಿಮೆಯಿಲ್ಲದೆ ರಕ್ತದೊತ್ತಡ, ಮಧುಮೇಹದಂತಹ ತೊಂದರೆಯೂ ಇರುವವರಿಗೆ ಈ ಔಷಧಿಯನ್ನು ಬರೆದುಕೊಡಲಾಗುತ್ತದೆ. ಮದುವೆಯ ಮುಂಚೆ ನಾಲ್ಕು ಕಿಲೋ ಇಳಿಸಿಕೊಳ್ಳಬೇಕೆಂಬುದು ಇದನ್ನು ಆರಂಭಿಸಲು ತಕ್ಕ ಕಾರಣವಲ್ಲ.

ತಮಗಾಗಲಿ ರಕ್ತಸಂಬಂಧಿಗಳಿಗಾಗಲಿ ಮೆಡುಲ್ಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದವರು ಈ ಔಷಧಿಯನ್ನು ಬಳಸಕೂಡದು. ಹಿಂದೆ ಮೇದೋಜೀರಕ ಗ್ರಂಥಿಯ ಉರಿಯೂತ ಆಗಿದ್ದಲ್ಲಿ, ಪಿತ್ತಕೋಶದಲ್ಲಿ ಕಲ್ಲಿದ್ದಲ್ಲಿ, ಅಥವಾ ಮಧುಮೇಹದಿಂದ ಕಣ್ಣಿನ ಅಕ್ಷಿಪಟಲಕ್ಕೆ ಹಾನಿಯಾಗಿದ್ದಲ್ಲಿ ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು. ಗರ್ಭಿಣಿಯರಿಗೆ ಇದು ನಿಷಿದ್ಧ. ಮಗುವನ್ನು ಬಯಸುವ ಮಹಿಳೆಯರು ಸೆಮಾಗ್ಲುಟೈಡನ್ನು ಗರ್ಭಧಾರಣೆಗೆ ಕನಿಷ್ಠ 2 ತಿಂಗಳು ಮೊದಲೇ ನಿಲ್ಲಿಸಬೇಕು. ಟಿರ್ಜೆಪಟೈಡ್ ಬಳಸುವವರಲ್ಲಿ ಗರ್ಭನಿರೋಧಕ ಮಾತ್ರೆಯ ಪರಿಣಾಮ ಕುಗ್ಗಬಹುದು. ಆದುದರಿಂದ ಔಷಧಿ ಆರಂಭಿಸಿದಾಗ 4 ವಾರ, ಮತ್ತು ಪ್ರತಿ ಬಾರಿ ಪ್ರಮಾಣ ಹೆಚ್ಚಿಸಿದಾಗ 4 ವಾರ ನಿರೋಧ್‌ನಂತಹ ಬೇರೆ ವಿಧಾನವನ್ನೂ ಅನುಸರಿಸುವುದು ಅಗತ್ಯ. ಈ ಕೊನೆಯ ವಿಷಯವನ್ನು ಕೇಳಲು ಅನೇಕರು ಸಂಕೋಚಪಡುತ್ತಾರೆ, ಸಂಕೋಚಪಡಬೇಕಾದುದಿಲ್ಲ.

ಪ್ರಮಾಣವನ್ನು ಅಳೆಯುವುದು

ಮನೆಯಲ್ಲಿ ಆಗುವ ತಪ್ಪುಗಳಲ್ಲಿ ಅತಿ ಗಂಭೀರವಾದುದು ಇದೇ ಆಗಿರುವುದರಿಂದ ಓದುಗರು ಈ ಭಾಗವನ್ನು ಗಮನವಿಟ್ಟು ಓದಬೇಕೆಂದು ಕೋರಲಾಗಿದೆ.

ಔಷಧಿಯನ್ನು ಅತಿ ಕಡಿಮೆ ಪ್ರಮಾಣದಿಂದ ಆರಂಭಿಸಿ ಹಂತ ಹಂತವಾಗಿ ಏರಿಸಲಾಗುತ್ತದೆ. ವೆಗೋವಿಯಲ್ಲಿ ಮೊದಲ 4 ವಾರ ವಾರಕ್ಕೆ 0.25 ಮಿಲಿಗ್ರಾಂ, ಅನಂತರ 4 ವಾರಕ್ಕೊಮ್ಮೆ 0.5, 1, 1.7 ಮತ್ತು 2.4 ಮಿಲಿಗ್ರಾಂ ಎಂಬುದು ಕ್ರಮ. ಟಿರ್ಜೆಪಟೈಡ್ 2.5 ಮಿಲಿಗ್ರಾಂನಿಂದ ಆರಂಭವಾಗಿ 4 ವಾರಗಳ ನಂತರ 5 ಮಿಲಿಗ್ರಾಂಗೆ ಏರುತ್ತದೆ. ಮುಂದಿನ ಏರಿಕೆಯನ್ನು ವೈದ್ಯರು ನಿರ್ಧರಿಸುತ್ತಾರೆ, ಗರಿಷ್ಠ ಮಿತಿ 15 ಮಿಲಿಗ್ರಾಂ. ಆರಂಭದ ಪ್ರಮಾಣವು ತೂಕ ಇಳಿಸಲೆಂದು ಇರುವುದಲ್ಲ, ಹೊಟ್ಟೆಗೆ ಒಗ್ಗಿಸಲೆಂದು ಇರುವುದು. ಮೊದಲ ತಿಂಗಳು ತೂಕ ಇಳಿಯಲಿಲ್ಲವೆಂದು ತಾವಾಗಿಯೇ ಎರಡು ಪಟ್ಟು ತೆಗೆದುಕೊಳ್ಳಕೂಡದು.

ಪೆನ್ನಿನ ರೂಪದಲ್ಲಿ ದೊರೆಯುವ ಔಷಧಿಯಲ್ಲಿ ಅಳತೆ ಸುಲಭ. ವಯಲ್, ಅಂದರೆ ಸಣ್ಣ ಸೀಸೆಯಲ್ಲಿ ದೊರೆಯುವುದನ್ನು ಸಿರಿಂಜಿನಿಂದ ಎಳೆದುಕೊಳ್ಳಬೇಕಾಗುತ್ತದೆ. ನಮ್ಮಲ್ಲಿ ಔಷಧಿ ಅಂಗಡಿಗಳಲ್ಲಿ ಎರಡು ಬಗೆಯ ಇನ್ಸುಲಿನ್ ಸಿರಿಂಜುಗಳಿವೆ. ಯು-40 ಎಂದು ಬರೆದಿರುವುದರಲ್ಲಿ 1 ಮಿಲಿಲೀಟರಿಗೆ 40 ಗೆರೆಗಳ ಲೆಕ್ಕ, ಯು-100 ಎಂದಿರುವುದರಲ್ಲಿ 1 ಮಿಲಿಲೀಟರಿಗೆ 100ರ ಲೆಕ್ಕ. ಹೀಗಾಗಿ ಅರ್ಧ ಮಿಲಿಲೀಟರ್ ಔಷಧಿಯು ಮೊದಲನೆಯದರಲ್ಲಿ 20ರ ಗುರುತಿಗೆ, ಎರಡನೆಯದರಲ್ಲಿ 50ರ ಗುರುತಿಗೆ ಬರುತ್ತದೆ. ಮನೆಯಲ್ಲಿ ಅಜ್ಜಿಯವರ ಇನ್ಸುಲಿನ್‌ಗೆಂದು ತಂದಿರಿಸಿದ ಸಿರಿಂಜನ್ನು ತೆಗೆದುಕೊಂಡು ಅದೇ ಅಂಕಿಯವರೆಗೆ ಎಳೆದಲ್ಲಿ ಪ್ರಮಾಣ ಎರಡೂವರೆ ಪಟ್ಟು ಹೆಚ್ಚಾಗಲು ಅಥವಾ ಅಷ್ಟೇ ಕಡಿಮೆಯಾಗಲು ಸಾಧ್ಯ. ಅಲ್ಲದೆ ಇನ್ಸುಲಿನ್ ಸಿರಿಂಜಿನ "ಯೂನಿಟ್" ಈ ಔಷಧಿಯ ಮಿಲಿಗ್ರಾಂ ಅಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಜುಲೈನಲ್ಲಿ ನೀಡಿದ ಎಚ್ಚರಿಕೆಯ ಪ್ರಕಾರ, ಅಲ್ಲಿ ಸೀಸೆಯಿಂದ ಸೆಮಾಗ್ಲುಟೈಡ್ ಎಳೆದುಕೊಂಡ ಕೆಲವರು ಈ ಗೊಂದಲದಿಂದ ಉದ್ದೇಶಿತ ಪ್ರಮಾಣದ 5ರಿಂದ 20 ಪಟ್ಟು ಔಷಧಿಯನ್ನು ಚುಚ್ಚಿಕೊಂಡಿದ್ದರು. ಆಸ್ಪತ್ರೆಗೆ ಸೇರಬೇಕಾದವರೂ ಇದ್ದರು.

ಆದುದರಿಂದ ಸೀಸೆಯನ್ನು ಖರೀದಿಸುವಾಗಲೇ ಮಿಲಿಗ್ರಾಂ ಎಷ್ಟು, ಮಿಲಿಲೀಟರ್ ಎಷ್ಟು, ಯಾವ ಸಿರಿಂಜು, ಯಾವ ಗೆರೆಯವರೆಗೆ ಎಂಬುದನ್ನು ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ತಯಾರಕರು ಬದಲಾದರೆ ಸಾಂದ್ರತೆಯೂ ಬದಲಾಗಿರಬಹುದು. ಹಳೆಯ ಲೆಕ್ಕ ನಡೆಯದು. ಮೊದಲ ಚುಚ್ಚುಮದ್ದನ್ನು ವೈದ್ಯರ ಅಥವಾ ಶುಶ್ರೂಷಕರ ಎದುರಿನಲ್ಲಿಯೇ ತೆಗೆದುಕೊಳ್ಳುವುದು ಕ್ಷೇಮ.

ಚುಚ್ಚುವ ವಿಧಾನ

ಕೈಗಳನ್ನು ಸೋಪಿನಿಂದ ತೊಳೆದುಕೊಳ್ಳಿ. ಔಷಧಿಯು ತಿಳಿಯಾಗಿದೆಯೇ ಎಂದು ನೋಡಿ. ಕದಡಿದ್ದರೆ ಅಥವಾ ಕಣಗಳು ತೇಲುತ್ತಿದ್ದರೆ ಬಳಸಬೇಡಿ. ಹೊಟ್ಟೆಯ ಮೇಲೆ ಹೊಕ್ಕುಳಿನಿಂದ ಮೂರು ಬೆರಳಿನಷ್ಟು ದೂರ ಬಿಟ್ಟು, ಅಥವಾ ತೊಡೆಯ ಮುಂಭಾಗದಲ್ಲಿ ಚುಚ್ಚಿಕೊಳ್ಳಬಹುದು. ಮೇಲ್ದೋಳಿಗೆ ಮತ್ತೊಬ್ಬರು ಚುಚ್ಚುವುದು ಒಳ್ಳೆಯದು. ಪ್ರತಿ ವಾರ ಜಾಗ ಬದಲಿಸಬೇಕು. ಪೆನ್ನಿನ ಗುಂಡಿಯನ್ನು ಒತ್ತಿದ ಕೂಡಲೇ ಸೂಜಿಯನ್ನು ಹೊರಗೆಳೆಯದೆ ನಿಧಾನವಾಗಿ ಆರರವರೆಗೆ ಎಣಿಸಿ. ಹಲವು ಬಾರಿ ಬಳಸುವ ಪೆನ್ನಿಗೆ ಪ್ರತಿ ಸಲ ಹೊಸ ಸೂಜಿ ಹಾಕಬೇಕು, ಬಳಸಿದ ಮೇಲೆ ಸೂಜಿಯನ್ನು ತೆಗೆದಿಡಬೇಕು. ನಾಲ್ಕು ಬಾರಿ ಬಳಸಿದ ನಂತರವೂ ಕೆಲವು ಪೆನ್ನುಗಳಲ್ಲಿ ಸ್ವಲ್ಪ ಔಷಧಿ ಉಳಿದಿರುತ್ತದೆ. ಬೆಲೆ ದುಬಾರಿಯೆಂದು ಅದನ್ನು ಸಿರಿಂಜಿನಿಂದ ಎಳೆದು ಬಳಸುವ ರೂಢಿ ಅಪಾಯಕರ.

ಒಂದೇ ಪೆನ್ನನ್ನು ಗಂಡ ಹೆಂಡತಿ ಅಥವಾ ಅಕ್ಕತಂಗಿಯರು ಹಂಚಿಕೊಳ್ಳಕೂಡದು. ಸೂಜಿ ಬದಲಿಸಿದರೂ ಪೆನ್ನಿನೊಳಗೆ ರಕ್ತದ ಅಂಶ ಸೇರಿರಬಹುದಾಗಿದ್ದು, ಎಚ್‌ಐವಿ ಹಾಗೂ ಹೆಪಟೈಟಿಸ್ ಬಿ ಮತ್ತು ಸಿ ಹರಡುವ ಸಾಧ್ಯತೆಯಿದೆ.

ವಾರ ತಪ್ಪಿದಾಗ

ವಾರದ ಒಂದು ದಿನವನ್ನು ಗೊತ್ತುಮಾಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಉತ್ತಮ. ಮರೆತಲ್ಲಿ ಸೆಮಾಗ್ಲುಟೈಡನ್ನು 5 ದಿನಗಳ ಒಳಗೆ, ಟಿರ್ಜೆಪಟೈಡನ್ನು 4 ದಿನಗಳ ಒಳಗೆ ತೆಗೆದುಕೊಳ್ಳಬಹುದು. ಅದಕ್ಕಿಂತ ತಡವಾದರೆ ಆ ವಾರವನ್ನು ಬಿಟ್ಟು ಮುಂದಿನ ಗೊತ್ತಾದ ದಿನವೇ ತೆಗೆದುಕೊಳ್ಳಿ. ಎರಡನ್ನು ಒಟ್ಟಿಗೆ ತೆಗೆದುಕೊಳ್ಳಕೂಡದು. ದಿನವನ್ನು ಬದಲಿಸಬೇಕಾದರೆ ಎರಡು ಚುಚ್ಚುಮದ್ದುಗಳ ನಡುವೆ ಕನಿಷ್ಠ 3 ದಿನಗಳ ಅಂತರವಿರಲಿ. ಎರಡು ವಾರ ಅಥವಾ ಹೆಚ್ಚು ತಪ್ಪಿದ್ದರೆ ಹಳೆಯ ಪ್ರಮಾಣದಿಂದಲೇ ಮುಂದುವರಿಸುವ ಮೊದಲು ವೈದ್ಯರನ್ನು ಕೇಳಿ.

ಶೇಖರಣೆ

ತೆರೆಯದ ಔಷಧಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಫ್ರಿಜ್ಜಿನ ನಡು ಹಲಗೆಯ ಮೇಲೆ ಪೆಟ್ಟಿಗೆಯಲ್ಲಿಯೇ ಇರಿಸಬೇಕು. ಐಸ್ ಕಟ್ಟುವ ಭಾಗದ ಹತ್ತಿರ ಬೇಡ. ಒಮ್ಮೆ ಹೆಪ್ಪುಗಟ್ಟಿದ ಔಷಧಿ ಕರಗಿದ ಮೇಲೆ ನೋಡಲು ಸರಿಯಾಗಿದ್ದರೂ ಬಳಕೆಗೆ ಬಾರದು. ಹೊರಗಡೆ 30 ಡಿಗ್ರಿಯೊಳಗೆ ಕೆಲವು ವಾರ ಇರಿಸಬಹುದೆಂದು ಪೆಟ್ಟಿಗೆಯ ಕಾಗದದಲ್ಲಿ ಬರೆದಿರುತ್ತದೆ; ದಿನಗಳ ಸಂಖ್ಯೆ ಔಷಧಿಯಿಂದ ಔಷಧಿಗೆ ಬೇರೆ. ಆದರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರು ಜಿಲ್ಲೆಗಳಲ್ಲಿ ಮನೆಯೊಳಗೂ ಈ ಮಿತಿ ಮೀರುತ್ತದೆ. ಮಣ್ಣಿನ ಮಡಕೆಯ ತಂಪು ಇದಕ್ಕೆ ಸಾಲದು. ವಿದ್ಯುತ್ ಹೋದಾಗ ಫ್ರಿಜ್ಜಿನ ಬಾಗಿಲನ್ನು ಪದೇ ಪದೇ ತೆರೆಯಬೇಡಿ. ಪ್ರಯಾಣದಲ್ಲಿ ತಣ್ಣನೆಯ ಚೀಲದೊಳಗೆ, ಮಂಜುಗಡ್ಡೆಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ ಒಯ್ಯಬಹುದು.

ಅಡ್ಡಪರಿಣಾಮಗಳು

ವಾಕರಿಕೆ, ವಾಂತಿ, ಭೇದಿ ಅಥವಾ ಮಲಬದ್ಧತೆ ಸಾಮಾನ್ಯ. ಪ್ರಮಾಣ ಏರಿಸಿದಾಗ ಹೆಚ್ಚಾಗಿ ಕಾಣುತ್ತವೆ. ಸ್ವಲ್ಪ ಸ್ವಲ್ಪವೇ ಊಟ ಮಾಡಿ, ಹೊಟ್ಟೆ ತುಂಬಿದೆ ಎನಿಸಿದೊಡನೆ ನಿಲ್ಲಿಸಿ. ಬಜ್ಜಿ, ಪೂರಿಯಂತಹ ಕರಿದ ಪದಾರ್ಥಗಳು ವಾಕರಿಕೆಯನ್ನು ಹೆಚ್ಚಿಸುತ್ತವೆ. ಹಸಿವಿಲ್ಲವೆಂದು ಬರೀ ಕಾಫಿ ಕುಡಿದು ದಿನ ಕಳೆಯುವವರಿದ್ದಾರೆ. ಇದರಿಂದ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ಕಾಳು, ಬೇಳೆ, ಮೊಸರು, ಮೊಟ್ಟೆಯನ್ನು ಬಿಡಬೇಡಿ. ಏಕಾದಶಿಯ ಅಥವಾ ರಂಜಾನ್ ಉಪವಾಸ ಆಚರಿಸುವವರು ಮೊದಲೇ ವೈದ್ಯರೊಂದಿಗೆ ಮಾತನಾಡಬೇಕು, ಏಕೆಂದರೆ ವಾಂತಿ ಭೇದಿಯೊಂದಿಗೆ ನೀರಿನಂಶ ಕಡಿಮೆಯಾದಲ್ಲಿ ಮೂತ್ರಪಿಂಡಕ್ಕೆ ಹಾನಿಯಾಗಬಹುದು.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳಲ್ಲಿ ರಕ್ತದ ಸಕ್ಕರೆ ಅತಿಯಾಗಿ ಇಳಿಯಬಹುದು. ಬೆವರು, ನಡುಕ, ಕಣ್ಣು ಮಂಜಾಗುವಿಕೆ ಕಂಡಲ್ಲಿ ಮೂರು ಚಮಚ ಸಕ್ಕರೆ ಬೆರೆಸಿದ ನೀರು ಕುಡಿದು, ಹದಿನೈದು ನಿಮಿಷಗಳ ನಂತರ ಮತ್ತೆ ಪರೀಕ್ಷಿಸಿಕೊಳ್ಳಿ.

ಬೆನ್ನಿನವರೆಗೆ ಹರಡುವ, ಬಿಡದೆ ಕಾಡುವ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಕಣ್ಣು ಹಳದಿಯಾಗುವುದು, ಒಂದು ಕಣ್ಣಿನ ದೃಷ್ಟಿ ಹಠಾತ್ತಾಗಿ ಮಸುಕಾಗುವುದು, ಮುಖ ಊದಿ ಉಸಿರು ಕಟ್ಟುವುದು: ಇವುಗಳಲ್ಲಿ ಯಾವುದೇ ಒಂದು ಕಂಡರೂ ಮುಂದಿನ ಚುಚ್ಚುಮದ್ದನ್ನು ತಡೆಹಿಡಿದು ಕೂಡಲೇ ಆಸ್ಪತ್ರೆಗೆ ಹೋಗಿ. ಹೆಚ್ಚು ಪ್ರಮಾಣ ಚುಚ್ಚಿಕೊಂಡಿದ್ದಲ್ಲಿ ಲಕ್ಷಣಗಳಿಗಾಗಿ ಕಾಯಬೇಡಿ. ಔಷಧಿ ದೇಹದಲ್ಲಿ ದಿನಗಟ್ಟಲೆ ಉಳಿಯುತ್ತದೆ. ಶಸ್ತ್ರಚಿಕಿತ್ಸೆಗೆ ಹೋಗುವಾಗ ಈ ಔಷಧಿಯ ವಿಷಯವನ್ನು ಅರಿವಳಿಕೆ ತಜ್ಞರಿಗೆ ತಿಳಿಸಲೇಬೇಕು. ಖಾಲಿ ಹೊಟ್ಟೆಯಲ್ಲಿದ್ದೇನೆ ಎಂದು ರೋಗಿ ಹೇಳಿದರೂ ಜಠರದಲ್ಲಿ ಆಹಾರ ಉಳಿದಿರಬಹುದು.

ಖರೀದಿ ಮತ್ತು ನಕಲಿ ಔಷಧಿ

ಪರವಾನಗಿ ಇರುವ ಅಂಗಡಿಯಿಂದ, ವೈದ್ಯರ ಚೀಟಿಯೊಂದಿಗೆ, ರಸೀದಿ ಪಡೆದೇ ಖರೀದಿಸಿ. ವಿಶ್ವ ಆರೋಗ್ಯ ಸಂಸ್ಥೆಯು 2024ರ ಜೂನ್‌ನಲ್ಲಿ ಬ್ರೆಜಿಲ್, ಬ್ರಿಟನ್ ಮತ್ತು ಅಮೆರಿಕದಲ್ಲಿ ಪತ್ತೆಯಾದ ನಕಲಿ ಸೆಮಾಗ್ಲುಟೈಡ್ ಬಗ್ಗೆ ಎಚ್ಚರಿಕೆ ನೀಡಿತ್ತು. ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಪೆಟ್ಟಿಗೆಯ ಮೇಲೂ ಪೆನ್ನಿನ ಮೇಲೂ ಒಂದೇ ಇವೆಯೇ ನೋಡಿ. ವಾಟ್ಸಾಪ್ ಮೂಲಕ ಅಥವಾ ಸೌಂದರ್ಯ ಮಳಿಗೆಗಳಲ್ಲಿ ಅರ್ಧ ಬೆಲೆಗೆ ಕೊಡುವೆವೆಂದಲ್ಲಿ ದೂರವಿರಿ.

ಬಳಸಿದ ಸೂಜಿಗಳು

ಸೂಜಿಗಳನ್ನು ಹಸಿ ಕಸದಲ್ಲಾಗಲಿ ಒಣ ಕಸದಲ್ಲಾಗಲಿ ಬಿಡಿಯಾಗಿ ಎಸೆಯಬೇಡಿ. ಅದನ್ನು ಬೇರ್ಪಡಿಸುವ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ತಿರುಗುವ ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಂಗ್ರಹಿಸಿ, ಮುಕ್ಕಾಲು ತುಂಬಿದಾಗ ಮುಚ್ಚಿ, ಮೇಲೆ "ಸೂಜಿ" ಎಂದು ಬರೆದು, ಸ್ಥಳೀಯ ಸಂಸ್ಥೆಯ ಕಸದ ಗಾಡಿಯವರಿಗೆ ಪ್ರತ್ಯೇಕವಾಗಿ ನೀಡಿ ಅಥವಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಔಷಧಿ ನಿಲ್ಲಿಸುವ ಬಗ್ಗೆ

ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ಇಳಿದ ತೂಕದ ಸುಮಾರು ಮೂರನೇ ಎರಡು ಭಾಗ ಮರಳಿ ಬಂದುದು ಅಧ್ಯಯನದಲ್ಲಿ ಕಂಡುಬಂದಿದೆ. ಆದುದರಿಂದ ಎಷ್ಟು ಕಾಲ ಮುಂದುವರಿಸಬೇಕಾದೀತು, ಅಷ್ಟು ಕಾಲದ ವೆಚ್ಚ ಭರಿಸಲು ಸಾಧ್ಯವೇ ಎಂಬುದನ್ನು ಆರಂಭಿಸುವ ಮೊದಲೇ ಕುಟುಂಬದವರೊಡನೆ ಚರ್ಚಿಸುವುದು ಸೂಕ್ತ.

ತುರ್ತು ಸಂದರ್ಭದಲ್ಲಿ ಆಂಬ್ಯುಲೆನ್ಸ್‌ಗಾಗಿ 108, ಆರೋಗ್ಯ ಸಲಹೆಗಾಗಿ 104 ಸಂಖ್ಯೆಗೆ ಕರೆ ಮಾಡಬಹುದು. ಔಷಧಿಯ ಅಡ್ಡಪರಿಣಾಮವನ್ನು ರೋಗಿಗಳೇ ಭಾರತೀಯ ಔಷಧ ಸಂಹಿತೆ ಆಯೋಗದ ಶುಲ್ಕರಹಿತ ದೂರವಾಣಿ 1800-180-3024ಕ್ಕೆ ವರದಿ ಮಾಡಬಹುದಾಗಿದೆ. ಕರೆ ಮಾಡುವಾಗ ಔಷಧಿಯ ಹೆಸರು, ಬ್ಯಾಚ್ ಸಂಖ್ಯೆ ಮತ್ತು ಕೊನೆಯ ಚುಚ್ಚುಮದ್ದಿನ ದಿನಾಂಕವನ್ನು ಸಿದ್ಧವಾಗಿರಿಸಿಕೊಳ್ಳಲು ಕೋರಲಾಗಿದೆ.