ಕಡತದಲ್ಲಿ ಮಲಗಿದ ಎಚ್ಚರಿಕೆ

ಕಾರ್ಖಾನೆಯ ಸುರಕ್ಷತಾ ಸಮಿತಿ ಎಂದರೆ ಅನೇಕರಿಗೆ ನೆನಪಾಗುವುದು ಗೋಡೆಯ ಮೇಲಿನ ಘೋಷವಾಕ್ಯ, ಆಗೊಮ್ಮೆ ಈಗೊಮ್ಮೆ ಒಂದು ಸಭೆ, ಚಹಾ, ಬಿಸ್ಕತ್ತು, ಸಹಿ. ಇಂಥ ಸಮಿತಿಗಳ ಚರಿತ್ರೆಯನ್ನು ಓದುವಾಗಲೆಲ್ಲ ನನ್ನ ಮನಸ್ಸು ನಿಲ್ಲುವುದು ವೇಲ್ಸ್ ನಾಡಿನ ಅಬರ್‌ವ್ಯಾನ್ ಎಂಬ ಗಣಿಯೂರಿನಲ್ಲಿ.

1966ರ ಅಕ್ಟೋಬರ್ 21, ಶುಕ್ರವಾರ, ಬೆಳಗಿನ ಒಂಬತ್ತೂಕಾಲು. ಊರ ಮೇಲಿನ ಬೆಟ್ಟದಲ್ಲಿ ಕಲ್ಲಿದ್ದಲ ಗಣಿಯ ಕಸವನ್ನು ಸುರಿದು ಬೆಳೆಸಿದ್ದ ಏಳನೆಯ ಗುಡ್ಡೆ ಕೆಸರಾಗಿ ಜಾರಿ ಶಾಲೆಯನ್ನು ಮುಚ್ಚಿತು. ಸತ್ತವರು 144 ಜನ. ಅವರಲ್ಲಿ 116 ಮಂದಿ ಮಕ್ಕಳು.

ಗುಡ್ಡೆಯ ಕೆಳಗೆ ಊಟೆಯಿದ್ದುದು ಯಾರಿಗೂ ತಿಳಿದಿರಲಿಲ್ಲವೆಂದು ಕಲ್ಲಿದ್ದಲು ಮಂಡಲಿಯ ಅಧ್ಯಕ್ಷ ಲಾರ್ಡ್ ರಾಬೆನ್ಸ್ ಮೊದಲು ಹೇಳಿದರು. ಊರವರಿಗೆ ತಿಳಿದಿತ್ತು, ಸರ್ಕಾರಿ ನಕ್ಷೆಯಲ್ಲಿಯೂ ಇತ್ತು! ಶಾಲೆಯ ಹಿಂದೆ ಹೀಗೆ ಸುರಿಯುವುದು ಅಪಾಯವೆಂದು ಪುರಸಭೆಯ ಇಂಜಿನಿಯರರು 1963ರಲ್ಲಿ ಪತ್ರ ಬರೆದಿದ್ದರು. ಅದೇ ವರ್ಷ ಆ ಗುಡ್ಡೆ ಒಮ್ಮೆ ಜಾರಿಯೂ ಇತ್ತು. ಇನ್ನೂ ಹಿಂದಕ್ಕೆ ಹೋದರೆ, 1939ರಲ್ಲಿ ಅದೇ ಪ್ರದೇಶದ ಮತ್ತೊಂದು ಗುಡ್ಡೆ ಕುಸಿದಾಗ, ಕಸದ ಗುಡ್ಡೆಗಳು ಏಕೆ ಜಾರುತ್ತವೆ, ನೀರನ್ನು ಹೇಗೆ ದೂರವಿಡಬೇಕು ಎಂದು ವಿವರಿಸಿದ ಟಿಪ್ಪಣಿಯೊಂದು ಸಿದ್ಧವಾಗಿತ್ತು. 1965ರಲ್ಲಿ ಅದನ್ನು ಕಡತದಿಂದ ತೆಗೆದು ಇಂಜಿನಿಯರರಿಗೆ ಹಂಚಿಯೂ ಇದ್ದರು. ಕಾಗದಕ್ಕೆ ಬರವಿರಲಿಲ್ಲ, ನೋಡಿ. ಓದಿದವರು ಬೆಟ್ಟ ಹತ್ತಿ ಸರಿಯಾಗಿ ನೋಡಲಿಲ್ಲ, ಅಷ್ಟೆ.

ವಿಚಾರಣಾ ಮಂಡಲಿ 76 ದಿನ ಕುಳಿತು 136 ಸಾಕ್ಷಿಗಳನ್ನು ಕೇಳಿತು. ದೋಷವನ್ನು ಕಲ್ಲಿದ್ದಲು ಮಂಡಲಿಯ ಮೇಲೆ ಹೊರಿಸಿದರೂ, ಇದು ದುಷ್ಟರ ಕಥೆಯಲ್ಲವೆಂದೂ ಹೇಳಿತು. ನನಗೆ ಹೆಚ್ಚು ಭಯ ಹುಟ್ಟಿಸುವುದು ಈ ಮಾತೇ. ನೆಲದಡಿಯ ಅಪಾಯವನ್ನು ಬಲ್ಲ ಸಜ್ಜನರೇ ತಲೆಯ ಮೇಲಿನ ಗುಡ್ಡೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ವಿಧಿಯ ವಿನೋದವೆನ್ನಿ, 1970ರಲ್ಲಿ ಬ್ರಿಟನ್ನಿನ ದುಡಿಮೆಯ ಸುರಕ್ಷತೆಯನ್ನೆಲ್ಲ ಪರಿಶೀಲಿಸಲು ನೇಮಕವಾದ ಸಮಿತಿಗೆ ಅಧ್ಯಕ್ಷರಾದವರು ಇದೇ ರಾಬೆನ್ಸ್! ಆದರೂ ಅವರ 1972ರ ವರದಿಯನ್ನು ತಳ್ಳಿಹಾಕುವಂತಿಲ್ಲ. ಅದರಿಂದ 1974ರ ಕಾಯಿದೆ ಬಂತು; 1978ರಲ್ಲಿ ಜಾರಿಗೆ ಬಂದ ನಿಯಮಗಳು ಕಾರ್ಮಿಕರ ಪ್ರತಿನಿಧಿಗಳಿಗೆ ಮೂರು ತಿಂಗಳಿಗೊಮ್ಮೆ ಕೆಲಸದ ಸ್ಥಳವನ್ನು ತಪಾಸಣೆ ಮಾಡುವ ಹಕ್ಕನ್ನು ಕೊಟ್ಟವು. ಅಪಘಾತವಾದ ಮೇಲೆ ಮಾತ್ರವಲ್ಲ, ಆಗಬಹುದಾದ ಅಪಾಯವನ್ನೂ ಅವರು ವಿಚಾರಿಸಬಹುದಾಗಿತ್ತು. ಇಬ್ಬರು ಪ್ರತಿನಿಧಿಗಳು ಬರೆದು ಕೇಳಿದರೆ ಮಾಲೀಕ ಸಮಿತಿ ರಚಿಸಲೇಬೇಕು.

ನಮ್ಮ ದೇಶದಲ್ಲಿ ಆ ಮಾತು ಕಾಯಿದೆಯ ಪುಟಕ್ಕೆ ಬರಲು ಭೋಪಾಲದ 1984ರ ಡಿಸೆಂಬರ್ ರಾತ್ರಿ ಬೇಕಾಯಿತು. ಅಲ್ಲಿಯೂ 1982ರ ಮೇ ತಿಂಗಳಲ್ಲಿಯೇ ಅಮೆರಿಕದ ತಜ್ಞರು ಬಂದು ದೋಷಗಳನ್ನು ಪಟ್ಟಿಮಾಡಿ ಹೋಗಿದ್ದರು. 1987ರ ತಿದ್ದುಪಡಿ ಅಪಾಯಕಾರಿ ಕಾರ್ಖಾನೆಗಳ ಸಮಿತಿಯಲ್ಲಿ ಕಾರ್ಮಿಕರಿಗೂ ಆಡಳಿತಕ್ಕೂ ಸಮಸಂಖ್ಯೆಯ ಸ್ಥಾನ ಕೊಟ್ಟಿತು. ಕುರ್ಚಿಗಳ ಈ ಲೆಕ್ಕಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ಪಕ್ಕದ ಇನ್ನೊಂದು ಕಲಮು: ಅಪಾಯ ಹತ್ತಿರವಿದೆಯೆಂದು ಕಂಡ ಕಾರ್ಮಿಕ ಅದನ್ನು ನೇರವಾಗಿಯೋ ಸಮಿತಿಯ ಮೂಲಕವೋ ಆಡಳಿತಕ್ಕೆ ತಿಳಿಸಬಹುದು, ಜೊತೆಗೇ ಸರ್ಕಾರದ ಇನ್ಸ್‌ಪೆಕ್ಟರಿಗೂ ತಿಳಿಸಬಹುದು.